ಅಂಕ ಮತ್ತು ಟಿಪ್ಪಣಿ

ಮೈಸೂರಿನ ಪದವಿ ಕಾಲೇಜುಗಳ ವಿದ್ಯಾರ್ಥಿಗಳ ಕುರಿತು ಅಧ್ಯಾಪಕರು ಮತ್ತೆ ಮತ್ತೆ ಎತ್ತುವ ದೂರೊಂದಿದೆ: ಅಸೈನ್‌ಮೆಂಟಿನ ಹಾಳೆಗಳು ಕೆಂಪು ಶಾಯಿ ತುಂಬಿಕೊಂಡು ಮರಳಿದರೂ ಮುಂದಿನ ಬರಹದಲ್ಲಿ ಅವೇ ತಪ್ಪುಗಳು ಉಳಿದಿರುತ್ತವೆ. ಇದಕ್ಕೆ ವಿದ್ಯಾರ್ಥಿಯ ಸೋಮಾರಿತನವೇ ಕಾರಣವೆಂದು ತೀರ್ಪು ಕೊಡುವುದು ಸುಲಭ, ಆದರೆ ಅದು ಬಹುಮಟ್ಟಿಗೆ ಸಲ್ಲದ ಮಾತು.

ಬರೆದವರು ಮುಂದೇನು ಮಾಡಬೇಕೆಂಬುದನ್ನು ತಿಳಿಸುವ ಟಿಪ್ಪಣಿಗೆ ಶಿಕ್ಷಣಶಾಸ್ತ್ರದಲ್ಲಿ ಹಿಮ್ಮಾಹಿತಿ ಎಂದು ಹೆಸರು. ಅಂಕವಾದರೋ ಆಗಿಹೋದುದಕ್ಕೆ ಕಟ್ಟಿದ ಬೆಲೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ಕೊಟ್ಟರೆ ಲಾಭವೂ ಎರಡು ಪಟ್ಟಾಗುತ್ತದೆಂಬ ನಂಬಿಕೆ ಅಧ್ಯಾಪಕರಲ್ಲೂ ಬೇರೂರಿದೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ, ಇಸ್ರೇಲಿನ ಶಾಲಾಮಕ್ಕಳ ಮೇಲಿನ ಅಧ್ಯಯನವು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು: ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಸುಧಾರಿಸಿದವು, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡೊಡನೆ ಕಣ್ಣು ಪಕ್ಕದವರ ಹಾಳೆಯತ್ತ ಹೊರಳುತ್ತದೆ, ತನ್ನ ಬರಹದತ್ತ ಮರಳುವುದಿಲ್ಲ. ಆ ಅಧ್ಯಯನದ ಮಕ್ಕಳು ಚಿಕ್ಕವರೆಂಬುದು ನಿಜವಾದರೂ, ಅಸೈನ್‌ಮೆಂಟು ಹಂಚಿದ ಮರುಕ್ಷಣ ತರಗತಿಯಲ್ಲಿ ಏಳುವ "ನಿಂಗೆಷ್ಟು ಬಂತು?" ಎಂಬ ಗದ್ದಲವನ್ನು ಕೇಳಿರುವ ಯಾವ ಅಧ್ಯಾಪಕರೂ ಇದನ್ನು ಅಲ್ಲಗಳೆಯಲಾರರು.

ಪ್ರತಿಯೊಂದು ಕಾಗುಣಿತದ ತಪ್ಪಿಗೂ ಗೆರೆ ಎಳೆದವರೇ ಶ್ರದ್ಧಾವಂತ ಅಧ್ಯಾಪಕರೆಂಬುದು ಇನ್ನೊಂದು ಹಟಮಾರಿ ನಂಬಿಕೆ. ಪುಟವೆಲ್ಲ ಗೆರೆಗಳಾದಾಗ ವಾದದ ಮುಖ್ಯ ದೋಷವೂ ಒತ್ತಕ್ಷರದ ಲೋಪವೂ ಒಂದೇ ತೂಕದವಾಗಿ ಕಾಣುತ್ತವೆ. 1922ರಲ್ಲಿ ಇಂಗ್ಲಿಷ್ ಕವನಗಳ ಪುಸ್ತಕವನ್ನು ಪ್ರಕಟಿಸಿದ್ದ ಕುವೆಂಪು, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ರಚನೆಗಳನ್ನು ತೋರಿಸಿದಾಗ ದೊರೆತದ್ದು ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆ. ಇಂದು ಸ್ಮರಣೆಯಲ್ಲಿ ಉಳಿದಿರುವುದು ಆ ಸಲಹೆಯೇ ಹೊರತು ಸಾಲುಸಾಲಿನ ತಿದ್ದುಪಡಿಯಲ್ಲ.

ಆಂತರಿಕ ಮೌಲ್ಯಮಾಪನ, ಅಂದರೆ ಕಾಲೇಜೇ ಕೊಡುವ ಅಂಕ, ಕಡ್ಡಾಯವಾಗಿರುವಾಗ ಅಂಕವಿಲ್ಲದೆ ಟಿಪ್ಪಣಿ ಮಾತ್ರ ಕೊಡುವುದು ಸಾಧ್ಯವೇ ಎಂಬ ಆಕ್ಷೇಪಕ್ಕೆ ಉತ್ತರ ಕಷ್ಟದ್ದಲ್ಲ. ಮೊದಲ ಕರಡಿಗೆ ಎರಡೇ ಟಿಪ್ಪಣಿ ಕೊಟ್ಟು, ತಿದ್ದಿ ಬರೆದ ಪ್ರತಿಯೊಂದಿಗೆ ಏನನ್ನು ಏಕೆ ಬದಲಿಸಲಾಯಿತೆಂಬ ನಾಲ್ಕು ಸಾಲನ್ನೂ ಕೇಳಿ, ಅಂಕವನ್ನು ಆ ಪ್ರತಿಗಷ್ಟೇ ನೀಡಿದರೆ ನಿಯಮವೂ ಮುರಿಯುವುದಿಲ್ಲ; ಎಲ್ಲ ತಪ್ಪುಗಳಿಗೂ ಗೆರೆ ಎಳೆಯುವ ಶ್ರಮ ತಪ್ಪುವುದರಿಂದ, ಎರಡನೆಯ ಓದಿಗೆ ಬೇಕಾದ ಸಮಯದ ಬಹುಪಾಲು ಅಲ್ಲಿಯೇ ದೊರೆಯುತ್ತದೆ.