'ಬಿಡಿ' ಅಂದರೆ ಬಿಟ್ಟುಬಿಡಿ ಅಂತಲ್ಲ!



ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಡಾಕ್ಟರು ಬರೆದುಕೊಟ್ಟ ಚೀಟಿ ಇದೆಯೇ? ತೆಗೆದು ನೋಡಿ. ಮಾತ್ರೆಯ ಹೆಸರಿನ ಮುಂದೆ ಓಡಿ, ಬಿಡಿ, ಟಿಡಿಎಸ್ ಎಂದು ಗೀಚಿರುತ್ತದೆ. ಕನ್ನಡದ ಕಿವಿಗೆ ಒಂದು ಓಡು ಎನ್ನುತ್ತದೆ, ಇನ್ನೊಂದು ಬಿಡು ಎನ್ನುತ್ತದೆ! ಇವುಗಳ ಮೂಲ ಇಂಗ್ಲಿಷೂ ಅಲ್ಲ, ಲ್ಯಾಟಿನ್. ದಿನಕ್ಕೆ ಒಂದು ಸಲ, ಎರಡು ಸಲ, ಮೂರು ಸಲ, ಅಷ್ಟೇ ಅರ್ಥ. ಎಸ್‌ಓಎಸ್ ಅಂದರೆ ಬೇಕಾದಾಗ ಮಾತ್ರ.

ನಗುವ ವಿಷಯವಲ್ಲ. ಎಸ್‌ಓಎಸ್ ಎಂದು ಬರೆದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಮೂರು ಹೊತ್ತೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಒಂದು ನುಂಗಬೇಕಾದ ಕಡೆ ಎರಡು ನುಂಗಿದರೆ, ಕೆಲವು ಸಕ್ಕರೆ ಕಾಯಿಲೆ ಮಾತ್ರೆಗಳು ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಡುತ್ತವೆ. ಬೆವರು, ನಡುಕ, ತಡವರಿಸುವ ಮಾತು ಕಂಡರೆ, ಎಚ್ಚರವಿದ್ದವರಿಗೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ರಿಪೋರ್ಟಿನ ಮಾತಿಗೆ ಬನ್ನಿ. 'ನೆಗೆಟಿವ್' ಎಂದು ಕಂಡೊಡನೆ ಎದೆ ಒಡೆದುಕೊಳ್ಳುವವರಿದ್ದಾರೆ. ಹುಡುಕಿದ ರೋಗ ಸಿಗಲಿಲ್ಲ ಎಂದರ್ಥ ಸ್ವಾಮಿ! 'ಬಿನೈನ್' ಗೆಡ್ಡೆ ಎಂದರೆ ಕ್ಯಾನ್ಸರ್ ಅಲ್ಲದ್ದು, 'ಮ್ಯಾಲಿಗ್ನೆಂಟ್' ಎಂದರೆ ಕ್ಯಾನ್ಸರ್. 'ಕ್ರಾನಿಕ್' ಎಂದರೆ ಭಯಂಕರ ಅಂತಲ್ಲ, ಬಹುಕಾಲ ಇರುವಂಥದ್ದು.

ಸಕ್ಕರೆ ಕಾಯಿಲೆಯ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಬರಿಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಗಡಿಯಲ್ಲಿದ್ದೀರಿ. ಎರಡು ಸಲ ನೋಡಿದಾಗಲೂ 126 ಅಥವಾ ಹೆಚ್ಚಿದ್ದರೆ ಕಾಯಿಲೆ ಬಂದಿದೆ. ಕೆಲವರು ಪರೀಕ್ಷೆಯ ಹಿಂದಿನ ದಿನ ಮೈಸೂರು ಪಾಕ್ ಮುಟ್ಟದೆ ಡಾಕ್ಟರನ್ನೇ ಏಮಾರಿಸಲು ನೋಡುತ್ತಾರೆ. ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಈ ಆಟ ನಡೆಯದು. ಸಕ್ಕರೆಯು ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆ ಕಣ ಬದುಕುವುದು ಸುಮಾರು 120 ದಿನ. ಹಾಗಾಗಿ ಎರಡು ಮೂರು ತಿಂಗಳ ಗುಟ್ಟೆಲ್ಲ ಅಲ್ಲಿ ಬಯಲು! 6.5 ದಾಟಿತೆಂದರೆ ಎಚ್ಚರ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಬರುವುದಿಲ್ಲವಂತೆ! ಸ್ವತಃ ಡಾಕ್ಟರಾಗಿದ್ದ ಅನುಪಮಾ ನಿರಂಜನ 'ತಾಯಿ ಮಗು', 'ದಾಂಪತ್ಯ ದೀಪಿಕೆ' ಬರೆದದ್ದು ಯಾವ ಭಾಷೆಯಲ್ಲಿ? ಅರ್ಥವಾಗದಿದ್ದರೂ ನಮ್ಮ ಅಮ್ಮಂದಿರು "ಹ್ಞೂಂ ಸಾರ್" ಎಂದು ತಲೆಯಾಡಿಸಿ ಎದ್ದು ಬರುತ್ತಾರೆ. ಇಂಗ್ಲಿಷ್ ಓದಿದ ನೀವು ಜೊತೆಗೆ ಹೋಗಿ. "ಡಾಕ್ಟ್ರೇ, ಏನು ಕಾಯಿಲೆ, ಎಷ್ಟು ದಿನ ಮಾತ್ರೆ, ಯಾವಾಗ ಮತ್ತೆ ಬರಬೇಕು, ಅಮ್ಮನಿಗೆ ಕನ್ನಡದಲ್ಲೇ ಹೇಳಿ" ಎಂದು ಕೇಳಿ. ಮನೆಗೆ ಬಂದು ಮಾತ್ರೆಯ ಡಬ್ಬಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ಬೆಳಿಗ್ಗೆ 1, ರಾತ್ರಿ 1, ಊಟ ಆದ ಮೇಲೆ.