ಸಾಂಗ್ಲಿಯಾನ ಮೂರನೇ ಭಾಗ

ಶುಕ್ರವಾರದ ನಿದ್ದೆ ಬಿಟ್ಟು ಗಾಲಾದಿಂದ, ರೂವಿಯಿಂದ, ಸೊಹಾರ್‌ನಿಂದ ಬಂದಿರುವ ಅಣ್ಣತಮ್ಮಂದಿರಿಗೆ ನಮಸ್ಕಾರ. ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ, ವೈರು ಎಳೆಯೋದಷ್ಟೇ ಗೊತ್ತು. ಸಿನಿಮಾ ಬಗ್ಗೆ ಮಾತಾಡು ಅಂದರು, ಒಪ್ಪಿಕೊಂಡೆ.

'ಸಾಂಗ್ಲಿಯಾನ' ಬಂದಿದ್ದು 1988ರಲ್ಲಿ. ಅದು ನಿಜವಾದ ಪೊಲೀಸ್ ಅಧಿಕಾರಿಯ ಹೆಸರು. ಎಚ್.ಟಿ. ಸಾಂಗ್ಲಿಯಾನ ಅವರು ಮಿಜೋರಾಂ ಕಡೆಯವರು. ನೌಕರಿಗಾಗಿ ನಮ್ಮ ರಾಜ್ಯಕ್ಕೆ ಬಂದು ಹೆಸರು ಮಾಡಿದವರು. 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಹೋದರು. ಒಂದು ಲೆಕ್ಕದಲ್ಲಿ ನಮ್ಮ ಹಾಗೇ, ಊರು ಬಿಟ್ಟು ಬಂದು ದುಡಿದವರು.

ಪಿ. ನಂಜುಂಡಪ್ಪನವರ ನಿರ್ದೇಶನ, ಹಂಸಲೇಖ ಅವರ ಸಂಗೀತ, ಶಂಕರ್‌ನಾಗ್ ಹೀರೋ. ಚಿತ್ರ ಓಡಿತು. 1990ರಲ್ಲಿ 'ಎಸ್.ಪಿ. ಸಾಂಗ್ಲಿಯಾನ ಭಾಗ 2' ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರಣ್ಣ ಹೋಗಿಬಿಟ್ಟರು. ವಯಸ್ಸು ಬರೀ 35. ಇಲ್ಲಿ ಕೂತಿರೋ ಅರ್ಧ ಜನಕ್ಕೆ ಈಗ ಆ ವಯಸ್ಸು ದಾಟಿದೆ.

ಆಮೇಲೆ 1997ರಲ್ಲಿ ಮೂರನೇ ಭಾಗ ಬಂತು, ದೇವರಾಜ್ ಹೀರೋ. ನಾನು ಅದನ್ನ ನೋಡಿದ್ದು ಟಿವಿಯಲ್ಲಿ. ಹೆಸರು ಕೇಳಿ ಆಸೆಯಿಂದ ಕೂತೆ, ಅರ್ಧಕ್ಕೇ ಮನಸ್ಸು ಆರಿಹೋಯಿತು. ಇವತ್ತಿಗೂ ಕ್ಯಾಂಪಲ್ಲಿ ಮೊದಲ ಎರಡು ಭಾಗ ಹಾಕಿದರೆ ಎಲ್ಲ ಮಂಚದಿಂದಲೂ ಶಿಳ್ಳೆ ಬರುತ್ತೆ. ಮೂರನೇದು ಹಾಕು ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ.

ಹೀರೋ ಬದಲಾಗಿದ್ದೇ ತಪ್ಪಾ? ಅಲ್ಲ ಅಂತೀನಿ. ಜೇಮ್ಸ್ ಬಾಂಡ್‌ಗೆ 1962ರಿಂದ 2021ರವರೆಗೆ ಆರು ಜನ ಬಂದು ಹೋದರು, ಸರಣಿ ನಿಲ್ಲಲಿಲ್ಲ. ದೇವರಾಜ್ ಸಣ್ಣ ನಟನೂ ಅಲ್ಲ. 1991ರ 'ವೀರಪ್ಪನ್' ನೋಡಿ, ಆ ಕಣ್ಣು ನೋಡಿ. 1994ರ 'ಲಾಕಪ್ ಡೆತ್' ನೋಡಿ. ಅವರಿಗೆ ಯಾರ ಹೆಸರೂ ಸಾಲ ಬೇಕಿರಲಿಲ್ಲ.

ತೊಂದರೆ ಬೇರೆ. ಬಾಂಡ್ ಅನ್ನೋನು ಪುಸ್ತಕದಿಂದ ಬಂದವನು, ಯಾರು ಬೇಕಾದರೂ ಆ ಕೋಟು ಹಾಕಬಹುದು. ನಮ್ಮ ಸಾಂಗ್ಲಿಯಾನ ಅಂದರೆ ಶಂಕರಣ್ಣನ ಅವಸರದ ನಡಿಗೆ, ಆ ತುಂಟ ನಗು, ಆ ದನಿ. ಅದು ಹೋದಮೇಲೆ ಬೋರ್ಡು ಮಾತ್ರ ಉಳಿಯಿತು. ಅಷ್ಟೊತ್ತಿಗೆ 'ಪೊಲೀಸ್ ಸ್ಟೋರಿ' ಥರದ ಖಾಕಿ ಚಿತ್ರಗಳೂ ಬಂದಿದ್ದವು. ಅದೇ ದೇವರಾಜ್ ಬೇರೆ ಹೆಸರಿನ ಪೊಲೀಸ್ ಆಗಿದ್ದರೆ ನಾವು ಚಪ್ಪಾಳೆ ಹೊಡೀತಿದ್ವಿ. ಸಾಂಗ್ಲಿಯಾನ ಅಂದಕೂಡಲೇ ಪ್ರತಿ ಸೀನಲ್ಲೂ ಇಲ್ಲದವರನ್ನ ಹುಡುಕಿದ್ವಿ. ಇದ್ದವರು ಕಾಣಲೇ ಇಲ್ಲ.

ಈ ಮಾತು ಯಾಕೆ ಹೇಳಿದೆ ಅಂದರೆ, ಇದು ನಮ್ಮ ಸೈಟುಗಳಲ್ಲೂ ನಡೆಯುತ್ತೆ. ಹದಿನೆಂಟು ವರ್ಷ ದುಡಿದ ಹಾಸನದ ಅಣ್ಣ ಒಬ್ಬರು ವೀಸಾ ಮುಗಿಸಿ ಊರಿಗೆ ಹೋದರು. ಅವರ ಜಾಗಕ್ಕೆ ರಾಯಚೂರು ಕಡೆಯ ಹುಡುಗ ಬಂದ. ಅದೇ ಮಂಚ, ಅದೇ ಲಾಕರ್, ಟೂಲ್ ಬಾಕ್ಸ್ ಮೇಲೆ ಅಣ್ಣನದ್ದೇ ಹೆಸರು. ಊಟದ ಹೊತ್ತಲ್ಲಿ ಒಂದೇ ಮಾತು: "ಅವರ ಥರ ಇಲ್ಲ ಬಿಡಪ್ಪ." ಹುಡುಗ ತಲೆ ಬಗ್ಗಿಸಿ ಉಣ್ಣೋನು. ಆರು ತಿಂಗಳಾದ ಮೇಲೆ ನೀರಿನ ಪಂಪಿನ ಸ್ಟಾರ್-ಡೆಲ್ಟಾ ಪ್ಯಾನೆಲ್ ಕೆಟ್ಟಿತು. ಟೈಮರ್ ಹೋಗಿದೆ ಅಂತ ಅವನು ಹತ್ತು ನಿಮಿಷದಲ್ಲಿ ಕಂಡುಹಿಡಿದ. ಅಣ್ಣ ಕಂಡ್ಯೂಟ್ ಕೆಲಸದಲ್ಲಿ ರಾಜ, ಪ್ಯಾನೆಲ್ ಮಾತ್ರ ಮುಟ್ಟುತ್ತಿರಲಿಲ್ಲ. ಆದರೂ ಈ ಹುಡುಗನಿಗೆ ಏನು ಬರುತ್ತೆ ಅಂತ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ.

ಶಂಕರಣ್ಣನ ಜಾಗ ತುಂಬೋಕಾಗಲ್ಲ, ಖಾಲಿ ಇದ್ದರೂ ಪರವಾಗಿಲ್ಲ. ಆದರೆ ಹೊಸದಾಗಿ ಬಂದವನಿಗೆ ಹಳಬರ ಹೆಸರಿನ ಅಂಗಿ ತೊಡಿಸಿ, ಅಳತೆ ಸರಿಯಿಲ್ಲ ಅಂತ ಬೈಯೋದು ಬೇಡ. ಈ ವರ್ಷ ಹೊಸಬರು ಬಹಳ ಜನ ಬಂದಿದ್ದೀರಿ. ಮುಂದಿನ ಸಭೆಯಲ್ಲಿ ಇದೇ ಮೈಕಲ್ಲಿ ನಿಮ್ಮ ಹೆಸರು, ನಿಮ್ಮ ಊರು, ನಿಮಗೆ ಬರೋ ಕೆಲಸ ಹೇಳಬೇಕು ಅಂತ ಕೇಳ್ಕೋತೀನಿ. ಈಗ ಊಟ ರೆಡಿಯಾಗಿದೆಯಂತೆ.