ಕಲ್ಲಿನ ಸೀಮೆಯಲ್ಲಿ ಪುಟ್ಟ ವಿಮಾನ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದೊಡನೆ ಹೊರಗಿನವರ ಕಣ್ಣಮುಂದೆ ನಿಲ್ಲುವುದು ಹೆಚ್ಚಾಗಿ ಭಾರವಾದ ವಸ್ತುಗಳೇ. ಶಹಾಬಾದಿನ ಫರಸಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ವಾಡಿ, ಸೇಡಂ ಕಡೆಯ ಸುಣ್ಣದ ಕಲ್ಲು ಸಿಮೆಂಟಾಗಿ ೫೦ ಕಿಲೋ ಚೀಲಗಳಲ್ಲಿ ದೂರದೂರಿಗೆ ಸಾಗುತ್ತದೆ. ಇಂಥ ಸೀಮೆಯ ಕೇಳುಗರ ಮುಂದೆ ನಾನು ಈ ಹೊತ್ತು ಅರ್ಧ ಕಿಲೋ ಕೂಡ ತೂಗದ ಒಂದು ವಸ್ತುವನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಅದು ಎಂಜಿನ್ನಿನ ಬಲದಿಂದ ಹಾರುವ ಮಾದರಿ ವಿಮಾನ. ಅದನ್ನು ಕೈಯಾರೆ ಕಟ್ಟಿ, ಕೈಯಾರೆ ಹಾರಿಸುವ ಹವ್ಯಾಸ.

ಇದು ಮಕ್ಕಳ ಆಟಿಕೆಯಲ್ಲವೆ ಎಂದು ಕೆಲವರು ಕೇಳಬಹುದು. ಆಟಿಕೆಯೆಂದೇ ಇಟ್ಟುಕೊಳ್ಳೋಣ. ವಿಮಾನವಿದ್ಯೆ ತನ್ನ ಬಾಲ್ಯವನ್ನು ಕಳೆದದ್ದು ಇಂಥ ಆಟಿಕೆಗಳ ಸಹವಾಸದಲ್ಲಿಯೇ. ೧೮೭೧ರಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ, ತಿರುಚಿದ ರಬ್ಬರಿನ ಬಲದಿಂದ ಪಂಖ ತಿರುಗುವ ಪುಟ್ಟ ಮಾದರಿಯೊಂದನ್ನು ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಸುಮಾರು ೪೦ ಮೀಟರ್ ದೂರ ಹಾರಿಸಿದ. ಅವನ ಕಲ್ಪನೆಯಿಂದ ಹುಟ್ಟಿದ ಬಗೆಯ ಹಾರುವ ಗೊಂಬೆಯೊಂದನ್ನು ೧೮೭೮ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್. ಇನ್ನು ಎಂಜಿನ್ನಿನ ಮಾತು. ೧೮೯೬ರ ಮೇ ೬ರಂದು ಸ್ಯಾಮ್ಯುಯಲ್ ಲ್ಯಾಂಗ್ಲಿ ಎಂಬ ವಿಜ್ಞಾನಿ, ಆವಿಯ ಎಂಜಿನ್ ಕೂಡಿಸಿದ ಮನುಷ್ಯನಿಲ್ಲದ ಮಾದರಿಯೊಂದನ್ನು ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಹಾರಿಸಿ ತೋರಿಸಿದ. ಅದನ್ನೇ ಹಿಗ್ಗಿಸಿ ಮನುಷ್ಯನನ್ನು ಕೂರಿಸಿದ ಯಂತ್ರ ಮಾತ್ರ ೧೯೦೩ರಲ್ಲಿ ಎರಡು ಸಲವೂ ಅದೇ ನದಿಗೆ ಬಿತ್ತು. ಎರಡನೆಯ ಸಲ ಬಿದ್ದ ಒಂಬತ್ತು ದಿನಕ್ಕೆ ರೈಟ್ ಸಹೋದರರು ಹಾರಿದರು.

ಲ್ಯಾಂಗ್ಲಿಯ ಸೋಲಿನಲ್ಲಿ ನಮ್ಮ ಹವ್ಯಾಸದ ಮೊದಲ ಪಾಠವಿದೆ. ಒಂದು ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ತೂಕ ಎಂಟು ಪಟ್ಟಾಗುತ್ತದೆ. ಹೊರುವ ಶಕ್ತಿಗಿಂತ ಹೊರೆ ಬೇಗ ಬೆಳೆಯುತ್ತದೆ. ಸಂಸಾರದಲ್ಲಿಯೂ ಹೀಗೇ ಎಂದು ಕೇಳುಗರಲ್ಲಿ ಹಿರಿಯರು ನಗಬಹುದು. ಆದರೆ ಸಂಸಾರದ ಲೆಕ್ಕವನ್ನು ನಾಳೆಗೆ ಮುಂದೂಡಬಹುದು. ವಿಮಾನದ ಲೆಕ್ಕ ಆ ಕ್ಷಣವೇ ತೀರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಮೀಟರ್ ಉದ್ದದ, ೧೫ ಸೆಂಟಿಮೀಟರ್ ಅಗಲದ ರೆಕ್ಕೆ. ಎಂಜಿನ್ ಸಹಿತ ಒಟ್ಟು ತೂಕ ೪೫೦ ಗ್ರಾಂ. ಇಂಥ ವಿಮಾನ ಗಾಳಿಯಲ್ಲಿ ನಿಲ್ಲಬೇಕಾದರೆ ಗಂಟೆಗೆ ಸುಮಾರು ೨೬ ಕಿಲೋಮೀಟರ್ ವೇಗವಾದರೂ ಬೇಕು. ಅದೇ ರೆಕ್ಕೆಯ ಮೇಲೆ ಎರಡು ಪಟ್ಟು ತೂಕ ಹೇರಿದರೆ ಆ ವೇಗ ೩೭ಕ್ಕೆ ಏರುತ್ತದೆ. ನೆಲಕ್ಕೆ ಬಿದ್ದಾಗ ಬೀಳುವ ಪೆಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಟ್ಟಿಯಾಗಲಿ ಎಂದು ಸೇರಿಸಿದ್ದೇ ಮುರಿಯುವುದಕ್ಕೆ ಕಾರಣವಾಗುವುದು ಹೀಗೆ.

ಆದ್ದರಿಂದ ಕಟ್ಟುವವನು ಹಗುರವನ್ನು ಹುಡುಕುತ್ತಾನೆ. ದಕ್ಷಿಣ ಅಮೆರಿಕದ ಕಾಡಿನಿಂದ ಬರುವ ಬಾಲ್ಸಾ ಮರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಷ್ಟೇ ಗಾತ್ರದ ಸುಣ್ಣದ ಕಲ್ಲು ಅದಕ್ಕಿಂತ ಸುಮಾರು ಹದಿನೈದು ಪಟ್ಟು ಭಾರ. ಬಾಲ್ಸಾದ ತೆಳುಹಲಗೆಯಿಂದ ಪಕ್ಕೆಲುಬುಗಳನ್ನು ಕೊಯ್ದು, ಕಡ್ಡಿಗಳಿಗೆ ಪೋಣಿಸಿ, ಮೇಲೆ ತೆಳ್ಳನೆಯ ಕಾಗದ ಹೊದಿಸಿ, ಅರಗಿನಂಥ ದ್ರಾವಣ ಬಳಿದು ಬಿಗಿಗೊಳಿಸಿದರೆ ರೆಕ್ಕೆಯಾಯಿತು. ಇದಕ್ಕೆ ಬಳಸುವ ಅಂಟಿಗೆ ಬಾಲ್ಸಾ ಸಿಮೆಂಟ್ ಎಂಬ ಹೆಸರಿದೆ. ವಾಡಿಯವರಿಗೆ ಇದು ವಿನೋದವಾಗಿ ಕಂಡೀತು. ಈ ಸಿಮೆಂಟನ್ನು ಮಾತ್ರ ಹನಿಯ ಲೆಕ್ಕದಲ್ಲಿ ಬಳಸಬೇಕು.

ನಮ್ಮ ಕಲ್ಲು ಇಲ್ಲಿ ಸಂಪೂರ್ಣ ನಿರುಪಯೋಗಿಯೆಂದು ಯಾರೂ ತಿಳಿಯಬಾರದು. ರೆಕ್ಕೆಯನ್ನು ಕಟ್ಟುವ ಹಲಗೆ ಕೂದಲೆಳೆಯಷ್ಟೂ ಸೊಟ್ಟಗಿರಬಾರದು. ಹಲಗೆ ಸೊಟ್ಟಗಾದರೆ ರೆಕ್ಕೆ ತಿರುಚುತ್ತದೆ. ತಿರುಚಿದ ರೆಕ್ಕೆಯ ವಿಮಾನ ಒಂದು ಮಗ್ಗುಲಿಗೇ ಹೊರಳುತ್ತದೆ. ಮರದ ಮೇಜು ಮಳೆಗಾಲಕ್ಕೊಂದು ಬೇಸಗೆಗೊಂದು ಆಕಾರ ತಾಳುತ್ತದೆ. ಚೆನ್ನಾಗಿ ಪಾಲಿಶ್ ಮಾಡಿದ ಶಹಾಬಾದ ಫರಸಿಯ ಮೇಲೆ, ಗುಂಡುಸೂಜಿ ಚುಚ್ಚಲು ಬರುವಂಥ ಮೆದುಹಲಗೆಯೊಂದನ್ನು ಹಾಸಿಕೊಂಡರೆ ಅದಕ್ಕಿಂತ ನಂಬಿಕಸ್ಥವಾದ ಪೀಠ ಬೇರೆ ಬೇಕಿಲ್ಲ. ಹಗುರವಾದುದು ನೆಟ್ಟಗಾಗಬೇಕಾದರೆ ಭಾರವಾದುದೊಂದು ಕೆಳಗಿರಬೇಕು.

ಎಂಜಿನ್ನು ಹೆಬ್ಬೆರಳಿಗಿಂತ ತುಸು ದೊಡ್ಡದು. ಒಂದೂವರೆ ಅಥವಾ ಎರಡೂವರೆ ಸಿ.ಸಿ.ಯ ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗೇ ಇರುವುದಿಲ್ಲ. ತಲೆಯ ಮೇಲಿನ ತಿರುಪಿನಿಂದ ಒತ್ತಡವನ್ನು ಹೆಚ್ಚುಕಡಿಮೆ ಮಾಡಬೇಕು. ಈಥರ್, ಸೀಮೆಎಣ್ಣೆ, ಔಡಲೆಣ್ಣೆಗಳನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿದ ಇಂಧನ ಅದರ ಆಹಾರ. ಇನ್ನೊಂದು ಬಗೆಯ ಎಂಜಿನ್ನಿನಲ್ಲಿ ಪ್ಲಾಟಿನಂ ಕೂಡಿದ ಸಣ್ಣ ತಂತಿಸುರುಳಿಯೊಂದು ಕೆಂಪಗೆ ಕಾದು ಮೆಥನಾಲನ್ನು ಹೊತ್ತಿಸುತ್ತದೆ. ಅದರಲ್ಲಿಯೂ ಔಡಲೆಣ್ಣೆ ಬಹುಕಾಲ ಬಳಕೆಯಲ್ಲಿದೆ. ಏಕೆಂದರೆ ಕಲ್ಲೆಣ್ಣೆಯಿಂದ ತೆಗೆದ ಜಿಡ್ಡು ಮದ್ಯಸಾರದಲ್ಲಿ ಕರಗುವುದಿಲ್ಲ, ಔಡಲೆಣ್ಣೆ ಕರಗುತ್ತದೆ, ಕಾದ ಲೋಹವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಮನೆಯ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆಯೇ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಯಂತ್ರವನ್ನು ಕಾಪಾಡುತ್ತದೆ.

ಈ ಎಂಜಿನ್ನಿಗೆ ನಮ್ಮ ಸೀಮೆಯಲ್ಲಿ ಇಬ್ಬರು ಶತ್ರುಗಳು. ಒಂದು, ಧೂಳು. ಕಲ್ಲುಗಣಿಯ ದಾರಿಯ ಬಿಳಿ ಧೂಳು ಸಿಲಿಂಡರಿನೊಳಗೆ ಹೊಕ್ಕರೆ ಅರವಾಗಿ ಉಜ್ಜುತ್ತದೆ. ಆದ್ದರಿಂದ ಬರಿಯ ನೆಲದ ಮೇಲೆ ಎಂಜಿನ್ ಚಾಲೂ ಮಾಡಬಾರದು. ಕೆಳಗೊಂದು ಹಲಗೆಯೋ ತಟ್ಟೋ ಇರಬೇಕು. ಎರಡನೆಯದು ಬಿಸಿಲು. ೧೫ ಡಿಗ್ರಿಯ ಗಾಳಿಗಿಂತ ೪೩ ಡಿಗ್ರಿಯ ಗಾಳಿ ನೂರಕ್ಕೆ ಒಂಬತ್ತರಷ್ಟು ತೆಳು. ರೆಕ್ಕೆಗೂ ಎಂಜಿನ್ನಿಗೂ ಅಷ್ಟರಮಟ್ಟಿಗೆ ಬಲ ಕುಗ್ಗುತ್ತದೆ. ತೊಗರಿ ಕಟಾವಾದ ಮೇಲೆ, ಮಾಘದ ಬೆಳಗಿನಲ್ಲಿ, ಗಾಳಿ ಏಳುವ ಮುಂಚೆ ಹಾರಿಸುವುದು ಒಳ್ಳೆಯದು. ತೊಗರಿಯ ಕೂಳೆ ಮಾತ್ರ ರೆಕ್ಕೆಯ ಕಾಗದಕ್ಕೆ ಚೂರಿಯಿದ್ದಂತೆ. ಬಯಲನ್ನು ನೋಡಿ ಆರಿಸಿಕೊಳ್ಳಬೇಕು.

ಹೊಸಬರಿಗೆ ತಂತಿ ಹಿಡಿದು ಹಾರಿಸುವ ವಿಮಾನ ಲೇಸು. ಹತ್ತು ಹದಿನೈದು ಮೀಟರ್ ಉದ್ದದ ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ ವೃತ್ತಾಕಾರವಾಗಿ ಸುತ್ತುತ್ತದೆ. ನಡುವೆ ನಿಂತವನು ಹಿಡಿಕೆಯನ್ನು ಬಾಗಿಸಿ ಅದನ್ನು ಏರಿಸುತ್ತಾನೆ, ಇಳಿಸುತ್ತಾನೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ವಿದ್ಯುತ್ ತಂತಿಯ ಹತ್ತಿರ ಎಂದೂ ಹಾರಿಸಬೇಡಿ. ರೈಲುಮಾರ್ಗದ ಮೇಲಿನ ತಂತಿಯಲ್ಲಿ ೨೫,೦೦೦ ವೋಲ್ಟ್ ಹರಿಯುತ್ತಿರುತ್ತದೆ. ಕೈಯಲ್ಲಿರುವುದು ಉಕ್ಕಿನ ತಂತಿ. ರೇಡಿಯೋ ನಿಯಂತ್ರಣದ ವಿಮಾನಗಳಿಗೆ ೨೦೨೧ರ ಡ್ರೋನ್ ನಿಯಮಗಳಿವೆ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ. ಕಲಬುರಗಿಯ ವಿಮಾನ ನಿಲ್ದಾಣ ೨೦೧೯ರ ನವೆಂಬರಿನಲ್ಲಿ ತೆರೆಯಿತು. ಎಲ್ಲಿ ಹಾರಿಸಬಹುದೆಂಬ ಸರ್ಕಾರಿ ನಕ್ಷೆಯನ್ನು ನೋಡಿಕೊಂಡು, ಹಸಿರು ವಲಯದಲ್ಲಿ, ೪೦೦ ಅಡಿಯ ಮಿತಿಯೊಳಗೆ, ಕಣ್ಣಳತೆಯಲ್ಲಿಯೇ ಹಾರಿಸುವುದು ಸಭ್ಯರ ಲಕ್ಷಣ.

ವಾಡಿಯ ಸಿಮೆಂಟ್ ಕಾರ್ಮಿಕರೊಬ್ಬರ ಮಗನನ್ನು ನಾನು ಬಲ್ಲೆ. ಎರಡು ತಿಂಗಳು ಕೂತು ವಿಮಾನ ಕಟ್ಟಿದ್ದ. "ಇದ್ರಾಗ ಏನ್ ಸಿಗ್ತದ್ರಿ ಸರ?" ಎಂದು ತಂದೆ ನನ್ನನ್ನು ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಹುಡುಗನ ಪರೀಕ್ಷೆ ಎದುರಿಗಿತ್ತು. ನಾನು ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಹಾರಿಸುವ ದಿನ ರಾತ್ರಿಪಾಳಿ ಮುಗಿಸಿ ನೇರವಾಗಿ ಬಯಲಿಗೆ ಬಂದರು. ಮೂರನೆಯ ಸುತ್ತಿನಲ್ಲಿ ವಿಮಾನ ಮೂಗುಮುಂದಾಗಿ ಬಿತ್ತು. ಎರಡು ತಿಂಗಳ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿಯಿತು. ಹುಡುಗ ಅಳಲಿಲ್ಲ, ಮಾತೂ ಆಡಲಿಲ್ಲ. ತಂದೆಯೇ ಕೂಳೆಗಳ ನಡುವೆ ಬಾಗಿ ಒಂದೊಂದೇ ಚೂರನ್ನು ಆರಿಸಿ ತಲೆಯ ವಸ್ತ್ರದಲ್ಲಿ ಕಟ್ಟಿಕೊಟ್ಟರು. "ಮತ್ತ ಕಟ್ತಿ ಏನಪ್ಪ?" ಎಂದರು. ಅಷ್ಟೇ.

ಹುಡುಗ ಮನೆಯಲ್ಲಿ ಚೂರುಗಳನ್ನು ತಕ್ಕಡಿಗೆ ಹಾಕಿದ. ಗಟ್ಟಿಯಾಗಲೆಂದು ಬಾಲಕ್ಕೆ ಮೆತ್ತಿದ ಅಂಟೇ ಹನ್ನೆರಡು ಗ್ರಾಂ ಹೆಚ್ಚಾಗಿತ್ತು. ಅದನ್ನು ತೂಗಿಸಲು ಮೂಗಿನಲ್ಲಿ ಅದರ ಮೂರು ಪಟ್ಟು ಸೀಸ ಸೇರಿಸಬೇಕಾಗಿ ಬಂದಿತ್ತು. ಬಾಲ ದೂರ, ಮೂಗು ಹತ್ತಿರ, ತಕ್ಕಡಿಯ ದಂಡದ ನ್ಯಾಯವೇ ಇಲ್ಲಿಯೂ. ಹೊಸ ಬಾಲವನ್ನು ಹಗುರವಾಗಿ ಕಟ್ಟಿದ, ಸೀಸವನ್ನು ತೆಗೆದ. ಒಟ್ಟು ೪೮ ಗ್ರಾಂ ಇಳಿಯಿತು. ಯಾರ ಮೇಲೂ ತಪ್ಪು ಹೊರಿಸದೆ, ಯಾರ ಬಾಯಿಂದಲೂ ಬೈಸಿಕೊಳ್ಳದೆ, ಕಾರಣವನ್ನು ತಾನೇ ತೂಗಿ ಕಂಡುಹಿಡಿದ. ತಂದೆಯ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರ ಅದೇ.

ಈಗ ಅಂಗಡಿಯಲ್ಲಿ ಸಿದ್ಧ ಡ್ರೋನುಗಳು ಸಿಗುತ್ತವೆ. ಪೆಟ್ಟಿಗೆ ಬಿಚ್ಚಿ ಗುಂಡಿ ಒತ್ತಿದರೆ ಏಳುತ್ತವೆ, ನಿಂತಲ್ಲೇ ನಿಲ್ಲುತ್ತವೆ. ಅವುಗಳ ಬಗ್ಗೆ ನನಗೆ ಮುನಿಸಿಲ್ಲ. ಆದರೆ ಅವು ಏಕೆ ನಿಲ್ಲುತ್ತವೆಂಬುದು ಹಾರಿಸುವವನಿಗೆ ತಿಳಿಯದೆಯೂ ನಡೆಯುತ್ತದೆ. ಕಟ್ಟಿದವನಿಗೆ ಆ ಅಜ್ಞಾನ ಸಲ್ಲದು. ಎನ್.ಸಿ.ಸಿ.ಯ ವಾಯುವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದು ತರಬೇತಿಯ ಭಾಗವಾಗಿರುವುದು ಇದಕ್ಕಾಗಿಯೇ ಇರಬೇಕು.

ನಮ್ಮ ಊರುಗಳಲ್ಲಿ ಫಿಟ್ಟರುಗಳಿದ್ದಾರೆ, ಲೇತ್ ಮೇಲೆ ಕೂದಲೆಳೆಯ ಅಳತೆ ತೆಗೆಯಬಲ್ಲವರಿದ್ದಾರೆ, ಬಡಿಗರಿದ್ದಾರೆ. ಕೈಯ ವಿದ್ಯೆಗೆ ಇಲ್ಲಿ ಬರವಿಲ್ಲ. ಒಂದು ಪ್ರೌಢಶಾಲೆಯ ವಿಜ್ಞಾನದ ಮೇಷ್ಟರು ಇಂಥವರೊಬ್ಬರನ್ನು ಭಾನುವಾರ ಬೆಳಿಗ್ಗೆ ಕರೆತಂದರೆ ಸಾಕು. ಮೊದಲ ದಿನವೇ ಎಂಜಿನ್ ಬೇಕಾಗಿಲ್ಲ. ಹಳೆಯ ರಟ್ಟು, ಬಿದಿರುಕಡ್ಡಿ, ಮೂಗಿಗೆ ಅಂಟಿಸಲು ಒಂದು ನಾಣ್ಯ, ಜೊತೆಗೆ ಕಿರಾಣಿ ಅಂಗಡಿಯಿಂದ ಒಂದು ಗಂಟೆಗೆ ಎರವಲು ತಂದ ತಕ್ಕಡಿ. ಎಂಜಿನ್ನಿನ ಮಾತು ಮುಂದಿನ ವರ್ಷಕ್ಕಿರಲಿ.